ಲೆಂಬಾ ಒಲೆಯ ಬಾಯಿಗೆ ಕಟ್ಟಿಹೋದ ದೀಪ

ನಮ್ಮ ಬಾಲೆ ಹೊಳೆ ಬೆಳಗಿನ ಹೊತ್ತು ಕಣ್ಣಿಗೆ ಸಿಗುವುದಿಲ್ಲ. ಮಂಜು ಹೊದ್ದು ಮಲಗಿರುತ್ತದೆ, ಸದ್ದು ಮಾತ್ರ ಎದ್ದು ಓಡಾಡುತ್ತಿರುತ್ತದೆ. ಆ ಮಂಜಿನ ಮೇಲೆ ನಮ್ಮ ಉದ್ದಮನೆ ತೇಲುವ ಹಾಗೆ ನಿಂತಿರುತ್ತದೆ. ಒಂದೇ ಮಾಡು, ಒಂದೇ ಪಡಸಾಲೆ, ಅದರ ಉದ್ದಕ್ಕೂ ಸಂಸಾರಕ್ಕೊಂದರಂತೆ ಬಿಡಾರ. ನಡುವಿನ ಬಿಡಾರ ಲೆಂಬಾಳದು.

ಲೆಂಬಾ ಎಂದರೆ ಬೆನ್ನು ಬಾಗಿಸದ ಹೆಂಗಸು. ಗಂಡ ಮರ ಕಡಿಯುವ ಕ್ಯಾಂಪಿನಲ್ಲಿ ತೀರಿಹೋದ ಮೇಲೆ ಗುಡ್ಡದ ಭತ್ತ ತಾನೇ ಬಿತ್ತಿದಳು, ರಬ್ಬರು ಮರಕ್ಕೆ ತಾನೇ ಕತ್ತಿ ಹಾಕಿದಳು, ಮಗಳು ಸುಲಾವ್‌ಳನ್ನು ಓದಿಸಿ ದೂರದ ಬಿಂಟುಲು ಪೇಟೆಗೆ ಮದುವೆ ಮಾಡಿ ಕೊಟ್ಟಳು. ಯಾರ ಮನೆಯ ಉಪ್ಪೂ ಕೇಳಿದವಳಲ್ಲ. ಉಳಿದ ಹೊತ್ತಿನಲ್ಲಿ ಮಗ್ಗ ಸೊಂಟಕ್ಕೆ ಕಟ್ಟಿಕೊಂಡು ಕೂತರೆ ಕೂಗಿದರೂ ಕೇಳಿಸದು. ನಮ್ಮಲ್ಲಿ ಹೊದಿಕೆಯ ಚಿತ್ತಾರ ಯಾರಿಂದಲೂ ಕಲಿಯುವುದಲ್ಲ, ಕನಸಿನಲ್ಲಿ ಬರಬೇಕು. ಲೆಂಬಾಳಿಗೆ ಬರುತ್ತಿದ್ದವು. ಹೊಳೆಯ ಅಡಿಯಲ್ಲಿ ನಡೆದಾಡಿದ ಹಾಗೆ, ಜರಿಗಿಡದ ಸುರುಳಿ ಬಿಚ್ಚಿ ಮೊಸಳೆಯಾಗಿ ಈಜಿಹೋದ ಹಾಗೆ. ಎದ್ದವಳು ಮಾತಾಡದೆ, ಚಿತ್ತಾರದ ಜಾಗಕ್ಕೆ ಬಣ್ಣ ತಾಗದ ಹಾಗೆ ನೂಲಿಗೆ ನಾರು ಬಿಗಿಯಲು ಕೂತುಬಿಡುತ್ತಿದ್ದಳು.

ಒಮ್ಮೆ ಮಾತ್ರ ಬಾಯಿಬಿಟ್ಟಳು. ಆ ಮೊಸಳೆಯ ಕನಸನ್ನು ಪಕ್ಕದ ಬಿಡಾರದ ಸೆಂಡಿಗೆ ಹೇಳಿದಳು. ಸೆಂಡಿ ಇವಳ ಚಿಕ್ಕಮ್ಮನ ಮಗಳು, ನಾಲಗೆ ಚುರುಕು, ಕೈ ಇನ್ನೂ ಚುರುಕು. ಲೆಂಬಾಳ ನೂಲಿಗೆ ಬಣ್ಣ ಹಿಡಿಯುವಷ್ಟರಲ್ಲಿ ಸೆಂಡಿಯ ಮಗ್ಗದಲ್ಲಿ ಮೊಸಳೆ ಬಾಲ ಆಡಿಸುತ್ತಿತ್ತು. ಅವತ್ತಿನಿಂದ ಮಾತು ಮುಗಿಯಿತು. ಎರಡು ಮಳೆಗಾಲ ಒಂದೇ ಗೋಡೆಯ ಆಚೆ ಈಚೆ ಅಡಿಗೆ ಮಾಡಿದರು, ಒಂದೇ ಮೆಟ್ಟಿಲಲ್ಲಿ ನೀರು ಹೊತ್ತರು, ಮಾತಿಲ್ಲ.

ಲೆಂಬಾಳ ಬಿಡಾರದ ಮೇಲೆ ಸೂರ್ಯನ ಹಲಗೆ ಬಂದದ್ದು ಆ ಮುನಿಸಿನ ಕಾಲದಲ್ಲೇ. ದೋಣಿಯಲ್ಲಿ ತಂದವನಿಗೆ ತನ್ನ ಕೈಯ ದೊಡ್ಡ ಹೊದಿಕೆ ಕೊಟ್ಟು ಕೊಂಡಳು. ಹಲಗೆ, ಬ್ಯಾಟರಿ, ಎರಡು ದೀಪ. ಅವನು ಬ್ಯಾಟರಿಯ ಬಿರಡೆ ಬಿಚ್ಚಿ ತೋರಿಸಿ ಹೇಳಿದ್ದ: "ಊರು ಬಿಡೋವಾಗ ಇದಕ್ಕೆ ನೀರು ತುಂಬಿ, ಹಲಗೆ ಒರೆಸಿ, ದೀಪ ಎಲ್ಲಾ ಆರಿಸಿ ಹೋಗಿ ಇಂಡಾಯ್. ಬಿಸಿಲು ತಾನೇ ಇದನ್ನ ಸಾಕ್ಕೊಂಡಿರುತ್ತೆ. ದೀಪ ಉರೀತಾ ಬಿಟ್ಟು ಹೋದ್ರೆ ಮಾತ್ರ ಹೊಟ್ಟೆ ಬರಿದಾಗಿ ಸಾಯುತ್ತೆ."

ಇಂಡಾಯ್ ಅಂದರೆ ಅಮ್ಮ. ಲೆಂಬಾ ತಲೆಯಾಡಿಸಿದ್ದಳು.

ಮಳೆ ಗಟ್ಟಿ ಹಿಡಿಯುವ ತಿಂಗಳಲ್ಲಿ ಬಿಂಟುಲುವಿನಿಂದ ಸುದ್ದಿ ಬಂತು. ಸುಲಾವ್‌ಗೆ ದಿನಕ್ಕೆ ಮುಂಚೆ ಹೆರಿಗೆಯಾಗಿತ್ತು, ಗಂಡು ಮಗು. ಬಾಣಂತಿಯ ಬೆನ್ನಿಗೆ ಬೆಂಕಿಯ ಕಾವು ಹಿಡಿಸಬೇಕು, ಅದಕ್ಕೆ ತಾಯಿಯೇ ಬೇಕು. ಮರುದಿನದ ದೋಣಿಗೇ ಹೊರಡಬೇಕು.

ಹೋದರೆ ಇಲ್ಲಿ ಒಲೆ?

ನಮ್ಮಲ್ಲಿ ಬಿಡಾರದ ಜೀವ ಒಲೆಯಲ್ಲಿದೆ. ಎಷ್ಟೇ ದೂರ ಹೋಗಲಿ, ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆಯಾದರೂ ಅದು ಬೆಂಕಿ ಕಾಣಬೇಕು. ಕಾಣದೆ ತಣ್ಣಗಾದರೆ ಆ ಬಿಡಾರ ಸತ್ತ ಲೆಕ್ಕ, ಅದರ ತಂಪು ಉದ್ದಮನೆಗೆಲ್ಲ ಹರಿಯುತ್ತದೆ. ತಪ್ಪಿದವರು ಹಂದಿ ಕಡಿದು ಪಡಸಾಲೆಯಲ್ಲಿ ತಲೆತಗ್ಗಿಸಿ ಕೂರಬೇಕು. ಲೆಂಬಾಳ ಒಲೆ ಅವಳ ತಾಯಿಯದು, ಹಳೆಯ ಮನೆ ಬಿಟ್ಟು ಬರುವಾಗ ಮಡಕೆಯಲ್ಲಿ ಕೆಂಡ ತಂದು ಹೂಡಿದ್ದು. ಅದು ತನ್ನ ಕೈಯಲ್ಲಿ ಸತ್ತಿತು ಅನ್ನಿಸಿಕೊಳ್ಳುವುದಕ್ಕಿಂತ ಬೇರೆ ಸಾವು ಅವಳಿಗಿರಲಿಲ್ಲ.

ಹೋಗುವವರು ಪಕ್ಕದ ಬಿಡಾರದವರಿಗೆ ಹೇಳಿ ಹೋಗುವುದು ರೂಢಿ. ಒಂದು ಪಕ್ಕದ ಬಿಡಾರದವರು ಆಗಲೇ ಗುಡ್ಡದ ಗದ್ದೆಯ ಗುಡಿಸಲು ಸೇರಿದ್ದರು. ಇನ್ನೊಂದು ಪಕ್ಕ ಸೆಂಡಿ.

ನಮ್ಮ ಮನೆಯ ಯಜಮಾನ ಜರಾವ್ ತಾನೇ ಬಂದು ಕೇಳಿದ. "ಒಲೆಗೆ ಯಾರಿಗೆ ಹೇಳ್ದೆ ತಾಯಿ?"

"ಯಾರಿಗೂ ಹೇಳೋ ಹಂಗಿಲ್ಲ. ನನ್ನ ಒಲೆ ನಾನೇ ನೋಡ್ಕೋತೀನಿ."

"ಬಿಂಟುಲುವಿಂದ ಊದ್ತೀಯಾ?"

"ಊದ್ತೀನಿ, ನೋಡ್ತಿರು."

ಆ ಸಂಜೆ ಅವಳು ಬ್ಯಾಟರಿಗೆ ನೀರು ತುಂಬಿದಳು, ಏಣಿ ಹತ್ತಿ ಹಲಗೆ ಒರೆಸಿದಳು. ಆಮೇಲೆ ಒಂದು ದೀಪ ಬಿಚ್ಚಿ ತಂದು, ಒಲೆಯ ಮೂರು ಕಲ್ಲಿನ ನಡುವೆ, ಬೂದಿಯ ಮೇಲೆ ತೂಗುವ ಹಾಗೆ ಕಟ್ಟಿದಳು. ಗುಂಡಿ ಒತ್ತಿದಳು. ಬೂದಿ ಬೆಳದಿಂಗಳು ಬಿದ್ದ ಮರಳಿನ ಹಾಗೆ ಹೊಳೆಯಿತು. ಸೂರ್ಯನ ಬೆಂಕಿಯೇ ತಂತಿಯಲ್ಲಿ ಇಳಿದು ಬಂದು ಇಲ್ಲಿ ಕೂತಿದೆ, ಇದಕ್ಕಿಂತ ದೊಡ್ಡ ಕೆಂಡ ಯಾವ ಒಲೆಯಲ್ಲಿದೆ ಅಂದುಕೊಂಡಳು. ಹಗಲು ಉಣ್ಣಲಿ, ರಾತ್ರಿ ಉರಿಯಲಿ, ನಾನು ಬರುವ ತನಕ. ಮಾರಿದವನ ಮಾತು ನೆನಪಿಗೆ ಬಂತು. ಅವನು ಪೇಟೆಯವನು, ಅವನಿಗೆ ಒಲೆಯ ಕಟ್ಟಳೆ ಏನು ಗೊತ್ತು ಎಂದು ಬಾಗಿಲು ಎಳೆದುಕೊಂಡಳು.

ಬಿಂಟುಲುವಿನಲ್ಲಿ ಮಗಳದು ಬಾಡಿಗೆ ಮನೆ. ಒಳಗೆ ಹೊಗೆ ಕೂಡದು. ಹಿಂದಿನ ಜಗಲಿಯಲ್ಲಿ ತಗಡಿನ ಡಬ್ಬಕ್ಕೆ ಇದ್ದಿಲು ತುಂಬಿ, ಸುಲಾವ್‌ಳ ಬೆನ್ನನ್ನು ಅದಕ್ಕೆ ತಿರುಗಿಸಿ ಕೂರಿಸಿದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾವಿಗೆ ಕೂತರೆ ಕಣ್ಣು ಜಾರುತ್ತಿತ್ತು. ಕನಸು ಬಂದದ್ದು ಅಲ್ಲೇ, ಹಾಡು ಹಗಲು.

ತೀರಿಹೋದ ಅವಳ ತಾಯಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಎರಡೂ ಅಂಗೈ ದೀಪಕ್ಕೆ ಒಡ್ಡಿದ್ದಾಳೆ. ಬೆಳಕು ಅಂಗೈ ತುಂಬಿ ತುಳುಕಿ ನೀರಿನ ಹಾಗೆ ಬೂದಿಗೆ ಬೀಳುತ್ತಿದೆ. ಮುದುಕಿ ಮಾತಿಲ್ಲದೆ ಕೈ ತಿರುಗಿಸಿ ತಿರುಗಿಸಿ ನೋಡುತ್ತಾಳೆ, ಮೈ ನಡುಗುತ್ತಿದೆ. ಮರುದಿನವೂ ಅದೇ ಕನಸು, ದೀಪ ಮಿಣುಕುಹುಳದಷ್ಟಾಗಿದೆ. ಆಮೇಲೊಂದು ದಿನ ಒಲೆಯ ಮುಂದೆ ತಾಯಿಯೇ ಇಲ್ಲ. ಹೊಳೆಯ ಮಂಜು ಒಳಗೆ ಬಂದು ಅವಳ ಜಾಗದಲ್ಲಿ ಕೂತಿದೆ.

ಲೆಂಬಾ ಬೆವೆತು ಎದ್ದಳು. "ನಾನು ಊರಿಗೆ ಹೋಗ್ಬೇಕು ಮಗಳೇ."

"ಅಯ್ಯೋ ಇಂಡಾಯ್, ನನ್ನ ಕಾವಿನ್ನೂ ಮುಗಿದಿಲ್ಲ. ಯಾಕೆ, ಯಾರಿಗೇನಾಯ್ತು?"

"ನನ್ನಮ್ಮ ಎದ್ದು ಹೋಗ್ಬಿಟ್ಟಿದಾಳೆ. ಎಲ್ಲಿಗೆ ಹೋದ್ಲೋ ನೋಡ್ಬೇಕು. ನೋಡಿ ಹಿಂದಕ್ಕೇ ಬರ್ತೀನಿ."

ಸುಲಾವ್ ಮತ್ತೆ ಕೇಳಲಿಲ್ಲ. ಕನಸಿಗೆ ಎದುರು ಮಾತಾಡುವ ಮಕ್ಕಳನ್ನು ನಾವು ಬೆಳೆಸಿಲ್ಲ.

ದಾರಿಯುದ್ದಕ್ಕೂ ಮಳೆ. ಬಸ್ಸಿನ ಗಾಜಿಗೂ ಮಳೆ, ದೋಣಿಯ ಮಾಡಿಗೂ ಮಳೆ. ಆಕಾಶ ಒದ್ದೆ ಕಂಬಳಿಯ ಹಾಗೆ ಇಳಿಬಿದ್ದಿತ್ತು. ಈ ಬೂದು ಬಣ್ಣದಲ್ಲಿ ಹಲಗೆ ಏನು ಉಂಡೀತು ಎನ್ನುವುದು ಅವಳಿಗೆ ಆಗಲೇ ಹೊಳೆದಿತ್ತು. ಅಮಾವಾಸ್ಯೆ ಕಳೆದುಹೋಗಿತ್ತು.

ಮಧ್ಯಾಹ್ನ ದೋಣಿ ಇಳಿದವಳು ಯಾರನ್ನೂ ಮಾತಾಡಿಸದೆ ಮೆಟ್ಟಿಲು ಹತ್ತಿ ಬಿಡಾರ ಹೊಕ್ಕಳು. ಒಳಗೆ ಕತ್ತಲೆ. ಗುಂಡಿ ಒತ್ತಿದಳು, ದೀಪ ಹತ್ತಲಿಲ್ಲ. ಬ್ಯಾಟರಿಯ ಪಕ್ಕೆ ಉಬ್ಬಿತ್ತು. ಕತ್ತಲಲ್ಲೇ ಮಂಡಿಯೂರಿ ಒಲೆಯ ಬೂದಿಗೆ ಕೈಯಿಟ್ಟಳು.

ಬೂದಿ ಬೆಚ್ಚಗಿತ್ತು.

ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಕಂಡಿತು. ದೀಪವನ್ನು ಬಿಚ್ಚಿ, ತಂತಿ ಸುತ್ತಿ, ಪಕ್ಕಕ್ಕೆ ಇಡಲಾಗಿತ್ತು. ಕಲ್ಲುಗಳ ನಡುವೆ ಅರ್ಧ ಉರಿದ ಬಿದಿರು. ಹೊಗೆಯ ವಾಸನೆ ಇನ್ನೂ ಮಾಡಿನಲ್ಲಿತ್ತು.

ಲೆಂಬಾ ಪಡಸಾಲೆಗೆ ಬಂದಳು. ಮಳೆಗೆ ಹೊರಬೀಳಲಾಗದೆ ನಾವೆಲ್ಲ ಅಲ್ಲೇ ಇದ್ದೆವು. ಸೆಂಡಿ ಬೆತ್ತ ಸೀಳುತ್ತ ಕೂತಿದ್ದಳು, ತಲೆಯೆತ್ತಲಿಲ್ಲ.

"ಯಜಮಾನ್ರೇ, ನನಗೆ ದಂಡ ಹಾಕಿ. ಹಂದಿ ಕಡೀತೀನಿ."

ಜರಾವ್ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಯಾಕಮ್ಮಾ? ನಿನ್ನ ಮಾಡಿಂದ ಹೊಗೆ ಎದ್ದಿದ್ದು ನಾವೆಲ್ಲಾ ನೋಡಿದೀವಲ್ಲ."

"ನಾನು ಹಾಕಿದ ಬೆಂಕಿ ಅಲ್ಲ. ನಾನು ದೀಪ ಇಟ್ಟು ಹೋಗಿದ್ದೆ."

"ಆ ದೀಪದ ಮೇಲೆ ಅನ್ನ ಬೇಯುತ್ತಾ?"

"ಇಲ್ಲ."

"ಮೀನು ಸುಡುತ್ತಾ?"

ಪಡಸಾಲೆಯಲ್ಲಿ ಒಂದಿಬ್ಬರು ನಕ್ಕರು. ಲೆಂಬಾ ಅವರ ಕಡೆ ನೋಡಿದ್ದೇ ನಗು ನಿಂತಿತು.

"ಹಂಗಾದ್ರೆ ಅದು ಬೆಂಕಿಯಲ್ಲ," ಅಂದ ಜರಾವ್. "ಆದ್ರೆ ಒಲೆ ಬೆಂಕಿ ಕಂಡಿದೆ. ಯಾರ ಕೈ ಅಂತ ಕಟ್ಟಳೆ ಕೇಳಲ್ಲ. ದಂಡ ಇಲ್ಲ, ಹೋಗು."

"ಹಾಕಿ ಅಂತಿದೀನಿ!"

"ಇದೇನಪ್ಪಾ, ಹಂದಿ ಬೇಡ ಅಂದ್ರೂ ಕಡೀತೀನಿ ಅಂತಾಳೆ!" ಜರಾವ್ ನಮ್ಮ ಕಡೆ ತಿರುಗಿದ.

ಆಗ ಸೆಂಡಿ, ಕೈಯಲ್ಲಿದ್ದ ಬೆತ್ತಕ್ಕೆ ಹೇಳುವ ಹಾಗೆ ಹೇಳಿದಳು: "ಒಂದು ಮಾತು ಆಡೋದಕ್ಕಿಂತ ಒಂದು ಹಂದಿ ಅಗ್ಗ ಅವಳಿಗೆ."

ಲೆಂಬಾ ನಡೆದು ಹೋಗಿ ಅವಳೆದುರು ನಿಂತಳು. ಎರಡು ಮಳೆಗಾಲದ ಮೇಲೆ ಮೊದಲ ಮಾತು: "ನನ್ನ ಬಿಡಾರದೊಳಗೆ ಯಾಕೆ ಕಾಲಿಟ್ಟೆ?"

"ನಿನಗೋಸ್ಕರ ಅಲ್ಲ ಕಣಕ್ಕ. ದೊಡ್ಡಮ್ಮ ಬಂದಿದ್ಲು. ನಿನ್ನಮ್ಮ. ಕನಸಲ್ಲಿ ನನ್ನ ಒಲೆ ಹತ್ರ ಬಂದು ಮುದುರ್ಕೊಂಡು ಕೂತ್ಲು. ‘ಅಲ್ಲಿ ಬೆಳಕೇನೋ ಐತೆ ಕೂಸೇ, ಬೆಚ್ಚಗಿಲ್ಲ’ ಅಂದ್ಲು. ಎಷ್ಟು ದಿನ ಅಂತ ನಡುಗೋ ಮುದುಕೀನ ನೋಡ್ಲಿ? ಎದ್ದು ಬಂದೆ. ಅಮಾವಾಸ್ಯೆ ಸಂಜೆ ಮೊದಲ ಸಲ ಬೆಂಕಿ ಹಾಕ್ದೆ. ಆಮೇಲೆ ಅವಳಿಗೆ ಒಗ್ಗಿಹೋಯ್ತು ಅಂತ ಮತ್ತೆ ಮತ್ತೆ."

ಲೆಂಬಾ ಚಾಪೆಯ ತುದಿಗೆ ಕುಸಿದು ಕೂತಳು. "ನಿನ್ನ ಹತ್ರ ಬಂದಿದ್ಲಾ? ನಾನು ಬಿಂಟುಲುವಲ್ಲಿ ಹುಡುಕ್ತಿದ್ದೆ."

"ಮತ್ತೆಲ್ಲಿಗೆ ಹೋಗ್ತಾಳೆ? ಬಸ್ಸು ಹತ್ತೋಕೆ ಬರುತ್ತಾ ಅವಳಿಗೆ?"

"ನನ್ನ ನೂಲು ಮುಟ್ಟಿದ್ಯಾ?"

"ನೋಡ್ದೆ. ಮುಟ್ಲಿಲ್ಲ. ಬಲಗಡೆ ಅಂಚು ಸಡಿಲ ಬಿಟ್ಟಿದೀಯ."

"ಸಡಿಲ ಏನಿಲ್ಲ, ನಿನ್ನ ಕಣ್ಣು ಸಡಿಲ," ಅಂದಳು ಲೆಂಬಾ. ನಾವೆಲ್ಲ ಉಸಿರು ಬಿಟ್ಟೆವು. ಬೈಗುಳವೂ ಮಾತೇ ಅಲ್ಲವೇ. ಮೊಸಳೆಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಒಂದು ಹಗಲು ಇದ್ದು, ಮಗಳ ಕಾವು ಮುಗಿಸಲು ಮತ್ತೆ ಹೊರಟಳು. ಸತ್ತ ಬ್ಯಾಟರಿಯನ್ನು ಕಾಪಿಟ್ ಪೇಟೆಯಲ್ಲಿ ಬದಲಿಸಿಕೊಂಡು ಬರೋಣವೆಂದು ಗೋಣಿಯಲ್ಲಿ ಕಟ್ಟಿ ದೋಣಿಗೆ ಇಳಿಸಿದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ದೋಣಿ ದಡ ಬಿಟ್ಟ ಕೂಡಲೇ ಮೊದಲು ಅದರ ಮೂತಿ, ಆಮೇಲೆ ಲೆಂಬಾ ಕರಗಿಹೋದಳು. ಇಂಜಿನ್ನು ಇನ್ನೂ ಹತ್ತಿರಲಿಲ್ಲ. ನೀರಿನ ಮೇಲಿಂದ ಅವಳ ದನಿ ಬಂತು. ಯಾರನ್ನೂ ಏನನ್ನೂ ಕೇಳದ ದನಿ, ಇಡೀ ಉದ್ದಮನೆಗೆ ಕೇಳುವ ಹಾಗೆ.

"ಸೆಂಡೀ! ಒಲೆ ನೋಡ್ಕೊಳ್ಳೇ!"

ಸೆಂಡಿ ನೀರಿನ ಕೊಡ ಸೊಂಟಕ್ಕೇರಿಸಿ ಮೆಟ್ಟಿಲ ಮೇಲೆ ನಿಂತಿದ್ದಳು. ಆ ಬಿಳಿ ಹೊಳೆಯ ಕಡೆ ಮುಖ ಮಾಡಿ ಕೂಗಿದಳು:

"ಸೌದೆ ಯಾರದು?"

"ನಂದೇ ಸುಡು! ಅಟ್ಟದ ಮೇಲೈತೆ!"