ಹಿಮ್ಮಡಿ ಊರದ ಲುಟ್ಗಾರ್ಡ

ಘೆಂಟ್ ನಗರದ ನಮ್ಮ ಬೀದಿಯಲ್ಲಿ ಲುಟ್ಗಾರ್ಡ ಒಂದು ಕಡೆ ಸುಮ್ಮನೆ ನಿಂತದ್ದನ್ನು ಕಂಡವರಿಲ್ಲ. ಬ್ರೆಡ್ಡಿನಂಗಡಿಯ ಸಾಲಿನಲ್ಲೂ ಈ ಕಾಲಿಂದ ಆ ಕಾಲಿಗೆ ಭಾರ ಬದಲಿಸುತ್ತ, ಮುಂದಿದ್ದವರ ಬೆನ್ನಿಗೆ ತಾಗುವಷ್ಟು ಹತ್ತಿರ ಹೋಗಿ ಮತ್ತೆ ಹಿಂದೆ ಸರಿಯುತ್ತ ಚಡಪಡಿಸುತ್ತಿದ್ದಳು. ಪಕ್ಕದ ಮನೆಯವಳಾದ ನಾನು ಅದನ್ನು ಅವಳ ಸ್ವಭಾವವೆಂದೇ ತಿಳಿದಿದ್ದೆ. ಅವಳು ವಯಸ್ಸೆಲ್ಲ ಕಳೆದದ್ದು ಒಂದು ಸೆಂಟಿನ ಅಂಗಡಿಯಲ್ಲಿ. ಹೈಹೀಲ್ಸ್ ಹಾಕದೆ ಅಲ್ಲಿ ಗಿರಾಕಿಯ ಮುಂದೆ ನಿಲ್ಲುವಂತಿರಲಿಲ್ಲ. ರೂಢಿಯಾಗಿ, ಭಾನುವಾರ ಕಸದ ಚೀಲ ಹೊರಗಿಡಲೂ ಅವನ್ನೇ ಮೆಟ್ಟುತ್ತಿದ್ದಳು.

ನಿವೃತ್ತಳಾದ ಮೇಲೆ ಆಸೆಪಟ್ಟು ಚಪ್ಪಟೆ ಬೂಟು ಕೊಂಡಳು. ಫಜೀತಿ ಶುರುವಾದದ್ದೇ ಆಗ. ಬೆರಳುಗಳ ಬುಡದಲ್ಲಿ ಕೆಂಡ ತುಳಿದಂಥ ಉರಿ, ಮೀನಖಂಡ ಹುರಿಗಟ್ಟಿದ ಹಗ್ಗ. ಬೂಟಿನದೇ ತಪ್ಪೆಂದು ಬೇರೆ ಜೊತೆ ತಂದಳು, ಅದೂ ಆಗಲಿಲ್ಲ.

ಆಮೇಲೆ ಹಳೆಯ ಸಹೋದ್ಯೋಗಿಯೊಬ್ಬಳ ಶವಸಂಸ್ಕಾರ. ಚರ್ಚಿನಲ್ಲಿ ಎಲ್ಲರೂ ಎದ್ದು ಮೌನವಾಗಿ ನಿಂತಾಗ ಲುಟ್ಗಾರ್ಡ ಮೆಲ್ಲಗೆ ಹಿಂದಕ್ಕೆ ವಾಲಿದಳು. ಕೈಗೆ ಸಿಕ್ಕಿದ ಹೂವಿನ ಸ್ಟ್ಯಾಂಡನ್ನು ಹಿಡಿದು, ಅದರ ಸಮೇತ ಕುಸಿದಳು.

ತಂಗಿ ಅನೆಮೀ ಅವಳನ್ನು ಎಬ್ಬಿಸುತ್ತ ಕಿವಿಯಲ್ಲಿ ಪಿಸುಗುಟ್ಟಿದಳು: "ಬೆಳಬೆಳಗ್ಗೇನೇ ಹಾಕ್ಕೊಂಡು ಬಂದಿದ್ದೀಯೇನೇ ಅಕ್ಕ?"

"ಕಾಫಿ ಬಿಟ್ರೆ ಏನೂ ಕುಡಿದಿಲ್ಲ ಕಣೇ!" ಲುಟ್ಗಾರ್ಡ ಹೇಳಿದ್ದು ಇಡೀ ಚರ್ಚಿಗೆ ಕೇಳಿಸಿತು.

ಅನೆಮೀ ಬಿಡಲಿಲ್ಲ, ಅಕ್ಕನನ್ನು ವಾನ್ನೆಸ್ ಎಂಬ ಫಿಸಿಯೋಥೆರಪಿಸ್ಟ್ ಬಳಿಗೆ ಎಳೆದೊಯ್ದಳು. ಅವನು ಲುಟ್ಗಾರ್ಡಳನ್ನು ಬರಿಗಾಲಲ್ಲಿ ಒಂದು ಹಲಗೆಯ ಮೇಲೆ ನಿಲ್ಲಿಸಿದ. ಪಾದದ ಯಾವ ಭಾಗ ಎಷ್ಟು ಒತ್ತುತ್ತಿದೆಯೆಂದು ಪರದೆಯ ಮೇಲೆ ಬಣ್ಣದಲ್ಲಿ ಮೂಡಿತು. ಮುಂಗಾಲು ಕಡುಗೆಂಪು. ಹಿಂದೆ ಹೆಚ್ಚೇನೂ ಇಲ್ಲ.

"ನನ್ನ ಹಿಮ್ಮಡಿ ಎಲ್ಲಿ ಹೋಯ್ತಪ್ಪಾ?"

"ಇದೆ ಮೇಡಂ, ನೆಲಕ್ಕೆ ಸರಿಯಾಗಿ ಊರ್ತಿಲ್ಲ ಅಷ್ಟೆ. ವರ್ಷಗಟ್ಟಲೆ ಹೈಹೀಲ್ಸ್ ಹಾಕಿ ಮೀನಖಂಡ ಗಿಡ್ಡಾಗಿ ಹಿಮ್ಮಡೀನ ಮೇಲಕ್ಕೆ ಎಳೀತಿದೆ. ಭಾರವೆಲ್ಲ ಮುಂಗಾಲಿಗೆ ಬಿದ್ದು ಉರಿ. ಬಲವಂತವಾಗಿ ಊರೋಕೆ ಹೋದ್ರೆ ಮೈ ಹಿಂದಕ್ಕೆ ವಾಲುತ್ತೆ. ಅದಕ್ಕೇ ನೀವು ಯಾವಾಗಲೂ ಅಲ್ಲಾಡ್ತಾ ಇರೋದು. ಬೀಳದೇ ಇರೋಕೆ."

ಅಂದು ಸಂಜೆ ಅವಳು ಕೋಟೂ ಬಿಚ್ಚದೆ ನನ್ನ ಅಡುಗೆಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದಳು. "ಇಷ್ಟು ವರ್ಷ ಎಲ್ಲರೂ ನನ್ನ ಚುರುಕು ಅಂತ ಹೊಗಳಿದ್ರಲ್ಲ, ಅದೆಲ್ಲ ಬೀಳದೇ ಇರೋಕೆ ಒದ್ದಾಡಿದ್ದಾ?"

ವಾನ್ನೆಸ್ ಹೇಳಿಕೊಟ್ಟ ವ್ಯಾಯಾಮ ನೋಡಲು ಸುಲಭ. ಗೋಡೆಗೆ ಎರಡೂ ಕೈ ಒತ್ತಿ, ಒಂದು ಕಾಲು ಹಿಂದಿಟ್ಟು, ಮಂಡಿ ಮಡಚದೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಮೀನಖಂಡ ಎಳೆಯುವವರೆಗೆ ಮುಂದೆ ಬಾಗಿ ಹಾಗೇ ನಿಲ್ಲಬೇಕು. ಆ ನಿಲ್ಲುವುದೇ ಅವಳಿಂದಾಗದ ಕೆಲಸ. ಫೋನು ಸದ್ದಾದರೆ, ಹೊರಗೆ ಬೆಕ್ಕು ಕೂಗಿದರೆ, ಬಿಟ್ಟು ಓಡುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ, ಇದನ್ನು ಒಂದೇ ಸಲಕ್ಕೆ ಮುಗಿಸಿಬಿಡುತ್ತೇನೆಂದು ಹಲ್ಲುಕಚ್ಚಿ ಬಹಳ ಹೊತ್ತು ಎಳೆದಳು. ಆ ಹುರುಪಿನಲ್ಲೇ ಕಿಟಕಿಯ ಪರದೆ ಬಿಚ್ಚಲು ಸ್ಟೂಲು ಹತ್ತಿ ಬಿದ್ದಳು. ಮುಂಗೈ ಮೂಳೆ ಮುರಿಯಿತು.

"ಅಷ್ಟು ಹೊತ್ತು ಎಳೆದ ತಕ್ಷಣ ಕಾಲಿಗೆ ಸ್ವಲ್ಪ ಹೊತ್ತು ನೆಲದ ಅಂದಾಜು ತಪ್ಪಬಹುದು ಮೇಡಂ," ಎಂದ ವಾನ್ನೆಸ್. "ಹಿತವಾಗಿ ಎಳೀಬೇಕು. ಆಮೇಲೆ ನಾಲ್ಕು ಹೆಜ್ಜೆ ಓಡಾಡ್ಬೇಕು. ಸ್ಟೂಲು ಹತ್ತೋದಲ್ಲ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ದೆ. ನೀವು ಆಗಲೇ ಅರ್ಧ ಬಾಗಿಲಾಚೆ ಇದ್ರಿ."

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಬೇರೇನೂ ಮಾಡಲಾಗದೆ, ಚಳಿಗಾಲವಿಡೀ ಅವಳು ಮೊಣಕೈಯನ್ನು ಗೋಡೆಗೆ ಊರಿ ಮೀನಖಂಡ ಎಳೆದಳು. ಉರಿ ಇಳಿಯತೊಡಗಿತು. ವಸಂತಕ್ಕೆ ಮತ್ತೆ ಹಲಗೆ ಹತ್ತಿದಾಗ ಹಿಮ್ಮಡಿಯ ಜಾಗದಲ್ಲೂ ಬಣ್ಣ ತುಂಬಿತ್ತು, ಮುಂಗಾಲಿನ ಕೆಂಪು ಕಿತ್ತಳೆಗೆ ತಿರುಗಿತ್ತು. ಕಣ್ಣು ಮುಚ್ಚಿ ನಿಂತರೂ ವಾಲಲಿಲ್ಲ. ಅನೆಮೀ ಚಪ್ಪಾಳೆ ತಟ್ಟಿದಳು.

ಲುಟ್ಗಾರ್ಡಳ ಮುಖ ಮಾತ್ರ ಅರಳಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದಳು.

"ಸುಮ್ಮನೆ ನಿಂತ್ರೆ ಏನೇನೋ ನೆನಪಾಗುತ್ತೆ ಮಾರಾಯ್ತಿ. ಅಮ್ಮ ಆಸ್ಪತ್ರೇಲಿದ್ದಾಗ ನಾನು ಅಂಗಡೀಲಿ ಕ್ರಿಸ್‌ಮಸ್ ಪೊಟ್ಟಣ ಕಟ್ತಾ ಇದ್ದೆ. ಅವಳ ಹತ್ರ ಒಂದು ಗಳಿಗೆ ನಿಲ್ಲಲಿಲ್ಲ. ಮನೇಲಿ ಆ ಗೋಡೆ ಎದುರಿಗೆ ಒಬ್ಬಳೇ ಇರೋಕಾಗಲ್ಲ."

"ನನ್ನ ಗೋಡೆ ಇದೆಯಲ್ಲ," ಎಂದೆ.

ಆವತ್ತಿನಿಂದ ಅವಳು ದಿನಾ ಬರುತ್ತಾಳೆ. ಫ್ರಿಜ್ಜಿನ ಪಕ್ಕದ ಗೋಡೆಗೆ ಕೈ ಒತ್ತಿ, ಹಿಮ್ಮಡಿ ಊರಿ, ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಾಳೆ. ಹೆಚ್ಚಾಗಿ ಅಮ್ಮನದೇ ಮಾತು. ಕೆಲವು ದಿನ ನಡುವೆ ಮಾತು ಬಿಟ್ಟು ಹಣೆಯನ್ನು ಗೋಡೆಗೆ ಆನಿಸುತ್ತಾಳೆ. ಆಗ ನಾನು ಎದ್ದು ಹೋದರೆ ಗದರುತ್ತಾಳೆ.

"ಎಲ್ಲಿಗೆ ಹೊರಟೆ? ಕೂತ್ಕೋ. ಇನ್ನೊಂದು ಕಾಲು ಬಾಕಿ ಇದೆ."