ಕಟ್ಟಿಹಾಕಿದ ಹಡಗಿಗೆ ಮೇವು

ಇವತ್ತು ಬೆಳಿಗ್ಗೆ ಕಡಲೆಕಾಯಿ ಸುತ್ತಿಕೊಟ್ಟ ಪತ್ರಿಕೆಯ ಚೂರಿನಲ್ಲಿ ಒಂದು ಸುದ್ದಿ ಓದಿದೆ. ಮದರಾಸಿನ ಬಂದರಿನಲ್ಲಿ ಹೈಕೋರ್ಟು ಹಡಗೊಂದನ್ನು ದಸ್ತಗಿರಿ ಮಾಡಿಸಿದೆಯಂತೆ. ಕಪ್ತಾನನನ್ನಲ್ಲ, ಮಾಲೀಕನನ್ನಲ್ಲ, ಹಡಗನ್ನೇ. ನಿಮಗೆ ನಗು ಬಂದೀತು. ನನಗೂ ಒಂದು ಕಾಲದಲ್ಲಿ ಬಂದಿತ್ತು.

ಪೆರಿಯಾರ್ ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದ ವರ್ಷಗಳು. ನಾನು ದಿಂಡುಗಲ್ಲಿನಲ್ಲಿ ವಕೀಲರೊಬ್ಬರ ಗುಮಾಸ್ತ. ನಾಲ್ಕು ಇಂಗ್ಲಿಷ್ ಪದ ಬರುತ್ತಿದ್ದುದರಿಂದ ಕಾನೂನೆಲ್ಲ ನನ್ನ ಕಂಕುಳಲ್ಲಿದೆ ಎಂಬ ಜಂಬ. ತೇವಾರವೆಂಬ ಊರಿನಲ್ಲಿದ್ದ ನಮ್ಮ ದೊಡ್ಡಪ್ಪ ಒಂದು ಜೊತೆ ಎತ್ತುಗಳನ್ನು ಕೊಲಂಬೊದ ವ್ಯಾಪಾರಿಗೆ ತಲುಪಿಸಲು ತೂತುಕುಡಿಗೆ ಹೋದರು. ಅಲ್ಲಿ ದಡದಲ್ಲಿ ನೀರಿನ ಆಳ ಸಾಲದು. ದೂರ ನಿಂತ ಹಡಗಿಗೆ ದೋಣಿಯಲ್ಲೇ ಹೋಗಬೇಕು. ದಾರಿಯಲ್ಲಿ ಬೇರೊಂದು ಹಡಗು, ಹತ್ತಿ ತುಂಬಿಕೊಳ್ಳಲು ಬಂದದ್ದು, ತಿರುಗುವಾಗ ಇವರ ದೋಣಿಗೆ ಗುದ್ದಿತು. ಜನ ಬದುಕಿದರು. ಒಂದು ಎತ್ತು ಈಜಿ ದಡ ಸೇರಿತು. ಇನ್ನೊಂದು, ಕರಿಯ, ಮುಳುಗಿತು. ಬೆದರೀತೆಂದು ಅದರ ಮೂಗುದಾರವನ್ನು ದೋಣಿಯ ಹಲಗೆಗೆ ಬಿಗಿದವರು ದೊಡ್ಡಪ್ಪನೇ.

ನೇರವಾಗಿ ನಮ್ಮ ವಕೀಲರ ಮುಂದೆ ಬಂದು ನಿಂತರು. ಹಡಗನ್ನು ಅವರು ತಮಿಳರಂತೆ ಕಪ್ಪಲು ಎನ್ನುತ್ತಿದ್ದರು. "ನಷ್ಟ ಕೆಟ್ಟೋಗ್ಲಿ ಅಯ್ಯಾ. ಕರಿಯನ್ನ ಕೊಂದದ್ದು ಆ ಕಪ್ಪಲಾ, ಇಲ್ಲಾ ನನ್ ಗಂಟಾ? ಅದ್ ತಿಳೀಬೇಕು. ಅನ್ನ ಇಳೀವಲ್ದು."

"ಅಷ್ಟು ಬಿಗಿಯಾಗಿ ಯಾಕೆ ಕಟ್ಟಿದಿರಿ ದೊಡ್ಡಪ್ಪ?" ಎಂದು ನಾನು ಬುದ್ಧಿವಂತನಂತೆ ಕೇಳಿದೆ. ಆ ಪ್ರಶ್ನೆಗೆ ಈಗಲೂ ನಾಚಿಕೊಳ್ಳುತ್ತೇನೆ.

ವಕೀಲರು ವಿವರಿಸಿದರು: ಸಮುದ್ರದ ವ್ಯಾಜ್ಯದಲ್ಲಿ ಹಡಗೇ ಪ್ರತಿವಾದಿ, ಜಾಮೀನು ಬರುವ ತನಕ ಅದನ್ನು ಕಟ್ಟಿಹಾಕಬಹುದು. ನನಗೆ ತಲೆಬುಡ ಹತ್ತಲಿಲ್ಲ. ದೊಡ್ಡಪ್ಪನಿಗೆ ತಕ್ಷಣ ಹೊಳೆಯಿತು. "ಓ, ಬೆಳೆ ಮೇಯ್ದ ದನಾನ ದೊಡ್ಡಿಗೆ ಆಕ್ದಂಗೆ!"

ಮದರಾಸಿಗೆ ತಂತಿ ಹೋಯಿತು. ಕೋರ್ಟಿನ ಅಧಿಕಾರಿ ಹಡಗಿನ ಕಂಬಕ್ಕೆ ಆಜ್ಞೆಯ ಕಾಗದ ಅಂಟಿಸಿದ. ಸುದ್ದಿ ಕೇಳಿದ ಮರುದಿನವೇ ದೊಡ್ಡಪ್ಪ ಮೂರು ಮೂಟೆ ಜೋಳ, ಒಂದು ಮೂಟೆ ಹುರುಳಿ, ಎರಡು ಬಾಳೆಗೊನೆ ಗಾಡಿಗೆ ಹೇರಿಕೊಂಡು ಹೊರಟು ದಿಂಡುಗಲ್ಲಿಗೆ ಬಂದರು.

"ಇದೇನು ದೊಡ್ಡಪ್ಪ?"

"ಕಟ್ಟಾಕ್ದವ್ನೇ ತಾನೆ ಮೇವು ಆಕ್ಬೇಕು? ಕಪ್ಪಲಲ್ಲಿ ಜನ ಅವ್ರಲ್ಲ, ಪಾಪ."

ತಮಿಳು ಸೀಮೆಯ ಕನ್ನಡ ಒಕ್ಕಲಿಗರಾದ ನಮ್ಮಲ್ಲಿ ಕಟ್ಟಿದ ದನವನ್ನು ಉಪವಾಸ ಕೆಡವಿದವನಿಗೆ ಪಂಚಾಯಿತಿಯಲ್ಲಿ ಬಾಯಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಕೀಲರು ನಗಲಿಲ್ಲ. ಹಿಡಿಸಿದ ಹಡಗಿನ ಖರ್ಚುವೆಚ್ಚವನ್ನು ಮೊದಲು ಹಿಡಿಸಿದವನೇ ಹೊರಬೇಕೆಂದು ಕಾನೂನಿನಲ್ಲೂ ಇದೆಯಂತೆ. ಹುರುಳಿಯ ಮಾತು ಮಾತ್ರ ಇಲ್ಲ.

ಮೂವರೂ ರೈಲು ಹತ್ತಿ ತೂತುಕುಡಿಗೆ ಹೋದೆವು. ಮೂಟೆಗಳು ಹಡಗಿಗೆ ಹೋದವು. ನಾಲ್ಕು ದಿನ ದೊಡ್ಡಪ್ಪ ದಡದಲ್ಲಿ ಕೂತು, ಕುಡಿಯುವ ನೀರು ಒಯ್ಯಲು ದಡಕ್ಕೆ ಬಂದ ನಾವಿಕರನ್ನೆಲ್ಲ ಅದೇ ಪ್ರಶ್ನೆ ಕೇಳಿದರು. ಐದನೆಯ ದಿನ ಚುಕ್ಕಾಣಿ ಹಿಡಿಯುವವನು, ನಡುವಯಸ್ಸಿನ ಕರಾವಳಿಯವನು, ತಾನಾಗಿಯೇ ಬಂದು ತಮಿಳಿನಲ್ಲಿ ಹೇಳಿದ: "ಚುಕ್ಕಾಣಿ ನನ್ನ ಕೈಯಲ್ಲಿತ್ತು ಐಯಾ. ಹಡಗು ನೇರ ಎತ್ತಿನ ಮೇಲೆಯೇ ಹೋಯಿತು. ನೀವು ಕಟ್ಟಿದ್ದರೂ ಅಷ್ಟೆ, ಬಿಟ್ಟಿದ್ದರೂ ಅಷ್ಟೆ."

ದೊಡ್ಡಪ್ಪ ಮಗುವಿನಂತೆ ಅತ್ತುಬಿಟ್ಟರು. ವಕೀಲರು, "ಸಾಕ್ಷಿ ಸಿಕ್ಕಿತು, ಗೆದ್ದೆವು!" ಎಂದು ಕುಣಿದರು.

"ತಪ್ಪು ಒಪ್ಕಂಡವ್ನ ಮ್ಯಾಲೆ ವ್ಯಾಜ್ಯ ಎಂಥದು ಅಯ್ಯಾ? ಇವ್ನ ಕೆಲ್ಸ ಓಗ್ಬುಡ್ತದೆ. ಬಿಚ್ಚಿ ಕಪ್ಪಲ."

ವಾದಿಯೇ ಬೇಡವೆಂದ ಮೇಲೆ ಹೈಕೋರ್ಟು ತಾನೆ ಏನು ಮಾಡೀತು? ಹಡಗು ಹೋಯಿತು. ದೊಡ್ಡಪ್ಪ ಅಂದು ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡರು.

ಅವರು ಉಣ್ಣುವಾಗ ನನ್ನ ಚೀಲದಲ್ಲಿ, ಎತ್ತುಗಳನ್ನು ಸಾಗಿಸಿದ ದೋಣಿಯವನ ಹೇಳಿಕೆ ಇತ್ತು; ನಾನೇ ಬರೆದುಕೊಂಡದ್ದು. ಹಡಗು ತಗುಲಿದ್ದು ದೋಣಿಯ ಮುಂದಿನ ತುದಿಗೆ, ಕರಿಯ ಇದ್ದದ್ದು ಹಿಂದಿನ ತುದಿಯಲ್ಲಿ. ಗಂಟು ಇಲ್ಲದಿದ್ದರೆ ಅದೂ ಜೊತೆಯ ಎತ್ತಿನಂತೆ ಈಜಿ ಬರುತ್ತಿತ್ತು. ಚುಕ್ಕಾಣಿಯವನು ತನ್ನದಲ್ಲದ ಅರ್ಧ ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಂಡಿದ್ದ. ನನ್ನ ಬಾಯಿ ಅವತ್ತೊಂದು ದಿನ ಸುಮ್ಮನಿತ್ತು.

ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ನಿಜವಾದ ದಾಖಲೆ, ಇರಲಿ ಎಂದು ಆ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಕಾಪಾಡಿಕೊಂಡು ಬಂದಿದ್ದೆ. ಇವತ್ತು ಹುಡುಕಿ ತೆಗೆದು, ಸ್ನಾನದ ನೀರು ಕಾಯುವ ಒಲೆಗೆ ಹಾಕಿದೆ.