ಕೊಬ್ಬರಿ ಕೆಲಸದ ರೂತಮ್ಮ ಮತ್ತು ಲಾಜರನ ಕತೆ

ಭಾನುವಾರ ಬೆಳಗಿನ ಐದೂವರೆ. ಹುಳಿಯಾರಿನ ಹೊರಗೆ, ತೆಂಗಿನ ತೋಟವೊಂದರ ಮನೆಯ ಮುಂದೆ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಗೋಣಿಚೀಲ ಹಾಸಿಕೊಂಡು ಕುಳಿತ ರೂತಮ್ಮ, ಸಿಪ್ಪೆ ಸುಲಿದ ಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಗಡಗಡ ಎಂದರೆ ಸರಿ, ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ್ದು ಸಾರ್ಥಕ. ಮಚ್ಚಿನ ಹಿಂಬದಿಯಿಂದ ಸುತ್ತಲೂ ಮೆಲ್ಲಗೆ ಏಟು. ಕರಟ ಚೂರಾಗಿ ಉದುರುತ್ತದೆ, ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಗೆ ಬರುತ್ತದೆ. ಕೈ ಹೀಗೆ ಓಡುತ್ತಿರುವಾಗ ಅವರ ತುಟಿಗಳೂ ಅಲ್ಲಾಡುತ್ತಿವೆ.

"ಇವತ್ತಿನ ಕತೆ ಒಂದ್ಸಲ ಹೇಳ್ಕೊಂತಿದೀನಿ ಕಣ್ರೀ. ಮಕ್ಳ ಮುಂದೆ ತಡವರಿಸಬಾರ್ದಲ್ಲ" ಎಂದು ನಗುತ್ತಾರೆ.

ಐವತ್ತೇಳು ವರ್ಷದ ರೂತಮ್ಮ ವಾರದ ಆರು ದಿನ ಇಲ್ಲಿ ಸಂಜೆಯವರೆಗೆ ಕರಟ ಬಿಡಿಸುತ್ತಾರೆ. ದಿನಕ್ಕೆ ಐನೂರು ಕಾಯಿ, ಮಂಡಿ ನೋವಿಲ್ಲದ ದಿನ ಇನ್ನೊಂದು ಐವತ್ತು. ಭಾನುವಾರ ಮಾತ್ರ ಎಂಟು ಗಂಟೆಯವರೆಗೆ. ಆಮೇಲೆ ಮನೆಗೆ ಹೋಗಿ ಸ್ನಾನ ಮಾಡಿ, ಬಿಳಿ ಸೀರೆಯುಟ್ಟು, ಶೀಟು ಹೊದಿಸಿದ ಪುಟ್ಟ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಗೆ ಬರುತ್ತಾರೆ. ಅಲ್ಲಿ ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕಾಯುತ್ತಿರುತ್ತಾರೆ. ಸತ್ಯವೇದದ, ಅಂದರೆ ಬೈಬಲ್ಲಿನ, ಕತೆಗಳನ್ನು ಹೇಳಿ ಮಕ್ಕಳಿಗೆ ದೇವರ ಮೇಲಿನ ನಂಬಿಕೆ ಕಲಿಸುವ ಈ ಕೆಲಸಕ್ಕೆ ಈಗ ಮೂವತ್ತೊಂದು ವರ್ಷ.

"ಎಂಟು ಹೊಡೆದ್ರೆ ನಾನೇ ಎಬ್ಬಿಸಿ ಕಳಿಸ್ತೀನಿ" ಎನ್ನುತ್ತಾರೆ ತೋಟದ ಒಡತಿ ದ್ರಾಕ್ಷಾಯಣಮ್ಮ, ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಲೇ. "ನಮ್ಗೆ ನಮ್ಮ ಪೂಜೆ ಹೆಂಗೋ ಅವ್ರಿಗೆ ಅವ್ರ ಪ್ರಾರ್ಥನೆ ಹಂಗೆ. ಮಕ್ಳು ಕಾಯ್ತವೆ."

ರೂತಮ್ಮ ಓದಿದ್ದು ಮೂರನೇ ಕ್ಲಾಸು. ಅವರ ತಾಯಿ ತುಮಕೂರಿನ ಹಾಸ್ಟೆಲ್ಲೊಂದರಲ್ಲಿ ಕಸ ಗುಡಿಸುತ್ತಿದ್ದವರು. ಅಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಕತೆಗಳನ್ನು ಬಾಗಿಲ ಹೊರಗೆ ನಿಂತು ಕೇಳಿ, ರಾತ್ರಿ ಮಗಳಿಗೆ ಹೇಳುತ್ತಿದ್ದರು. ಹಾಗೆ ಬಂದ ನಲವತ್ತು ಕತೆಗಳೇ ರೂತಮ್ಮನ ಬಂಡವಾಳ. ಮದುವೆಯಾಗಿ ಹುಳಿಯಾರಿಗೆ ಬಂದಮೇಲೆ, ಭಾನುವಾರ ಪಾಠ ಹೇಳುತ್ತಿದ್ದ ಟೀಚರ್ ವರ್ಗವಾಗಿ ಹೋದರು. "ಇನ್ನೊಬ್ರು ಬರೋಗಂಟ ನೋಡ್ಕೊಳಮ್ಮ ಅಂದ್ರು ಚರ್ಚಿನ ಸಭಾಪಾಲಕರು. ಇನ್ನೊಬ್ರು ಬರ್ಲೇ ಇಲ್ಲ." ಗಾರೆ ಕೆಲಸದ ಗಂಡ ತೀರಿಕೊಂಡು ಹನ್ನೆರಡು ವರ್ಷ. ಒಬ್ಬಳೇ ಮಗಳು ಅರಸೀಕೆರೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಗಂಡ ತೀರಿಕೊಂಡ ವಾರವೊಂದನ್ನು ಬಿಟ್ಟರೆ ಪಾಠ ತಪ್ಪಿಸಿದ ನೆನಪಿಲ್ಲ ಅವರಿಗೆ.

ಮಕ್ಕಳು ಸುಮ್ಮನೆ ಕೇಳುವವರಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೊರಟ ಕುರುಬನ ಕತೆ ಹೇಳಿದರೆ, ಕುರಿಮಂದೆ ಕಂಡೇ ಬೆಳೆದ ಇಲ್ಲಿನ ಮಕ್ಕಳು, "ಮಿಕ್ಕಿದ್ದನ್ನ ಯಾರ್ ನೋಡ್ಕೊಂಡ್ರು? ತೋಳ ಬಂದಿದ್ರೆ?" ಎಂದು ಮೇಲೆ ಬೀಳುತ್ತಾರೆ. ತೋಟದಲ್ಲಿ ಪಕ್ಕದಲ್ಲೇ ಕೂತು ಕರಟ ಬಿಡಿಸುತ್ತ ಈ ಕತೆಗಳನ್ನು ಕೇಳುವ ಭೂತಮ್ಮನದೂ ಅದೇ ಕುತೂಹಲ. ಅಣ್ಣಂದಿರು ಬಾವಿಗೆ ತಳ್ಳಿದ ಯೋಸೇಫ ಏನಾದ ಎಂದು ತಿಳಿಯಲು ಒಮ್ಮೆ ಜ್ವರದಲ್ಲೂ ಕೆಲಸಕ್ಕೆ ಬಂದಿದ್ದರಂತೆ.

ಆದರೆ ಕಳೆದ ವರ್ಷ ಬಂದ ಒಂದು ಪ್ರಶ್ನೆ ಈ ಪಾಠವನ್ನೇ ನಿಲ್ಲಿಸುವ ಹಂತಕ್ಕೆ ತಂದಿತು.

ಅಂದು ಅವರು ಲಾಜರನ ಕತೆ ಹೇಳುತ್ತಿದ್ದರು. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿರುತ್ತದೆ. ಯೇಸು ಬಂದು ಗೋರಿಯ ಕಲ್ಲು ತೆಗೆಸಿ, ಹೆಸರು ಹಿಡಿದು ಕರೆಯುತ್ತಾನೆ, ಸತ್ತವನು ಎದ್ದು ಬರುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟುವ ಕತೆ. ಅವತ್ತು ಮಾತ್ರ, ಒಂಬತ್ತು ವರ್ಷದ ಕೃತಿಕಾ ಎದ್ದು ನಿಂತಳು. ಅದಕ್ಕೆ ಮೂರು ತಿಂಗಳ ಹಿಂದೆ ಅವಳ ಅಪ್ಪ ಕಾಯಿ ಕೀಳಲು ಮರ ಹತ್ತಿ, ಬಿದ್ದು ತೀರಿಕೊಂಡಿದ್ದ.

"ಅಜ್ಜಿ, ನಮ್ಮಪ್ಪನ್ನ ಯಾಕೆ ಎಬ್ಬಿಸ್ಲಿಲ್ಲ?"

ಹುಡುಗಿ ಉತ್ತರಕ್ಕೆ ಕಾದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಆ ಎರಡು ವಾರ ರೂತಮ್ಮ ಕತೆ ಹೇಳಲಿಲ್ಲ, ಹಾಡು ಹಾಡಿಸಿ ಮಕ್ಕಳನ್ನು ಕಳಿಸಿದರು. "ನಾನು ಯಾರು ಕಲ್ಸೋಕೆ ಅನ್ನಿಸ್ಬುಡ್ತು. ಆ ಮಗೀನ ಮುಂದೆ ಆ ಕತೆ ಹೆಂಗಾದ್ರೂ ಬಾಯಿಗೆ ಬಂತು ನಂಗೆ?" ಎಂದು ಕೈಯಲ್ಲಿದ್ದ ಕಾಯನ್ನು ಕೆಳಗಿಡುತ್ತಾರೆ.

ಪಾಠ ಬಿಟ್ಟುಬಿಡುತ್ತೇನೆ ಎಂದು ಅವರು ಮೊದಲು ಹೇಳಿದ್ದು ಭೂತಮ್ಮನಿಗೆ. ಭೂತಮ್ಮ ತಲೆಯೆತ್ತದೆ, "ಉತ್ರ ಇಲ್ದಿದ್ರೆ ಬುಡು. ಹೋಗಿ ಆ ಮಗೀನ ಹತ್ರ ಕೂತ್ಕೊಳೋಕೇನು ಕಾಲಿಲ್ವಾ ನಿಂಗೆ?" ಎಂದರಂತೆ.

ಅವತ್ತೇ ಸಂಜೆ ರೂತಮ್ಮ ಸತ್ಯವೇದದ ಪುಸ್ತಕ ಹಿಡಿದು ಕೃತಿಕಾಳ ಮನೆಗೆ ಹೋದರು. ತಾಯಿ ಪುಷ್ಪಲತಾ ಬಾಗಿಲಲ್ಲೇ ತಡೆದು, "ಅವ್ರು ಹೋದಾಗ್ನಿಂದ ಒಂದಿನಾನೂ ಅತ್ತಿಲ್ಲ ಕಣಮ್ಮ ಇದು. ಕಲ್ಲಾಗಿ ಕೂತೈತೆ" ಎಂದಳು. ರೂತಮ್ಮ ಹುಡುಗಿಯ ಪಕ್ಕ ನೆಲದ ಮೇಲೆ ಕುಳಿತು ಇದ್ದದ್ದನ್ನೇ ಹೇಳಿದರು: "ನಿನ್ನ ಪ್ರಶ್ನೆಗೆ ನಂಗೆ ಉತ್ರ ಗೊತ್ತಿಲ್ಲ ಮಗಾ. ನಂಗೆ ಓದೋಕೆ ಸರಿಯಾಗಿ ಬರಲ್ಲ. ಪುಸ್ತಕದಲ್ಲಿ ಏನಾದ್ರೂ ಐತಾ, ನೀನೇ ಓದಿ ಹೇಳ್ತೀಯಾ?"

ಕೃತಿಕಾ ಬೆರಳಿಟ್ಟು ಓದತೊಡಗಿದಳು. ಲಾಜರನ ಅಕ್ಕಂದಿರು ಹೇಳಿ ಕಳಿಸಿದ್ದು, ಯೇಸು ತಡವಾಗಿ ಬಂದಿದ್ದು, ನೀನಿದ್ದಿದ್ದರೆ ಇವನು ಸಾಯುತ್ತಿರಲಿಲ್ಲ ಎಂದು ಅವರು ದೂರಿದ್ದು. ಒಂದು ಸಾಲಿಗೆ ಬಂದು ಬೆರಳು ನಿಂತಿತು.

"ಅಜ್ಜಿ, ಇಲ್ಲಿ ಯೇಸುಸ್ವಾಮಿ ಅತ್ರು ಅಂತ ಐತೆ."

"ಎಲ್ಲೇ? ಇನ್ನೊಂದ್ಸಲ ಓದು."

ಇನ್ನೊಮ್ಮೆ ಓದಿದಳು. ಗೋರಿಯ ಹತ್ತಿರ, ಕಲ್ಲು ತೆಗೆಸುವ ಮೊದಲು, ಎಲ್ಲರೂ ಅಳುವುದನ್ನು ನೋಡಿ ಅವನೂ ಅತ್ತಿದ್ದ. "ನಮ್ಮವ್ವ ಹೇಳಿದ್ರಲ್ಲಿ ಅದು ಇರ್ಲಿಲ್ಲ ಕಣ್ರೀ. ಚರ್ಚಿನ ಸಭೇಲಿ ಓದುವಾಗ ಕೇಳಿದ್ನೋ ಏನೋ, ಮನಸ್ಸಿಗೆ ಹೋಗಿರ್ಲಿಲ್ಲ. ಸತ್ತೋನು ಎದ್ದಿದ್ದು ಹೇಳೋ ಆತುರ ನಂಗೆ" ಎನ್ನುತ್ತಾರೆ ರೂತಮ್ಮ. ಹುಡುಗಿ ಪುಸ್ತಕ ಮುಚ್ಚಲಿಲ್ಲ. "ಅವ್ರಿಗೂ ಅಳು ಬಂತಾ?" ಎಂದವಳು ಅಜ್ಜಿಯ ಮಡಿಲಿಗೆ ಮುಖ ಹಾಕಿ ಬಿಕ್ಕಿದಳು. ಪುಷ್ಪಲತಾ ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಳಿತಳು. ಮೂವರೂ ಅತ್ತರು. ಅಂದು ಆ ಮನೆಯಲ್ಲಿ ಮುದ್ದೆ ಬೇಯುವುದು ತಡವಾಯಿತು.

ಕೃತಿಕಾ ಮತ್ತೆ ಪಾಠಕ್ಕೆ ಬರುತ್ತಾಳೆ. ಕೆಲವು ಭಾನುವಾರ ಮುನಿಸಿಕೊಂಡು ಕಿಟಕಿಯ ಹತ್ತಿರ ಕೂರುತ್ತಾಳೆ, ಅವಳನ್ನು ಯಾರೂ ಒತ್ತಾಯಿಸುವುದಿಲ್ಲ. ಅವಳ ಪ್ರಶ್ನೆಗೆ ರೂತಮ್ಮನ ಬಳಿ ಇವತ್ತಿಗೂ ಉತ್ತರವಿಲ್ಲ. ಲಾಜರನ ಕತೆ ಹೇಳುವ ಕ್ರಮ ಮಾತ್ರ ಬದಲಾಗಿದೆ. ಗೋರಿಯ ಹತ್ತಿರ ಬಂದಾಗ, ಯೇಸು ಅತ್ತಿದ್ದನ್ನು ಹೇಳಿ ಅವರು ನಿಲ್ಲುತ್ತಾರೆ. ಹೋದ ತಿಂಗಳು ಹೀಗೆ ನಿಂತಾಗ ಪುಟ್ಟವನೊಬ್ಬ, "ಎಷ್ಟೊತ್ತು ಅತ್ರಜ್ಜಿ?" ಎಂದು ಕೇಳಿದನಂತೆ. "ಗೊತ್ತಿಲ್ಲ ಕಣಪ್ಪ. ಅವಸರ ಮಾಡ್ಲಿಲ್ಲ ಅವ್ರು" ಎಂದರಂತೆ ರೂತಮ್ಮ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಅವರು ಗೋಣಿಚೀಲದ ಮೇಲಿನ ಕರಟದ ಚೂರುಗಳನ್ನು ಒಂದೆಡೆ ಸರಿಸುತ್ತಾರೆ.

"ಮೂವತ್ತು ವರ್ಷದಲ್ಲಿ ಎಷ್ಟೋ ಮಕ್ಳು ನನ್ನ ಮುಂದೆ ಕೂತು ದೊಡ್ಡೋರಾಗಿ ಹೋದ್ರು. ಒಬ್ಬ ತಿಪಟೂರಲ್ಲವ್ನೆ, ಒಬ್ಳು ಶೆಟ್ಟಿಕೆರೇಲವ್ಳೆ. ಎಲ್ರಿಗೂ ಕಷ್ಟ ಸುಖ ಇರ್ತದೆ, ಮನೇಲಿ ಸಾವು ಆಗಿರ್ತವೆ. ಅವ್ರಿಗೆಲ್ಲ ಲಾಜರನ ಕತೆ ಅರ್ಧ ಹೇಳಿ ಕಳ್ಸಿದೀನಿ ನಾನು. ಒಬ್ಬೊಬ್ರೇ ಸಿಕ್ಕಿದ್ರೆ ಕೂರಿಸ್ಕೊಂಡು ಬಿಟ್ಟಿದ್ದನ್ನ ಹೇಳ್ಬೇಕು. ಇಬ್ರಿಗೆ ಹೇಳಾಯ್ತು."